ದಿಲೆತ್ತಾಂತೆ: ಎಲ್ಲಿ ‘ಹವ್ಯಾಸಿ’, ಎಲ್ಲಿ ‘ಪಲ್ಲವಗ್ರಾಹಿ’?

ತುಂಗಾತೀರ (ಚರ್ಚೆ ಶುರು)

ಯುರೋಪಿನ ಕಲೆ-ಸಂಗೀತದ ಚರಿತ್ರೆಯ ಬರಹಗಳನ್ನು ಕನ್ನಡಕ್ಕೆ ತರುವಾಗ ಪದೇಪದೇ ಎದುರಾಗುವ ಇಟಾಲಿಯನ್ ಪದ ಇದು. ಒಂದೇ ಪದ, ನಾಲ್ಕು ಕಡೆ ನಾಲ್ಕು ಬಣ್ಣ. ವೆನಿಸ್‌ನ ಸಂಗೀತ ರಚನಾಕಾರ ಅಲ್ಬಿನೋನಿ ಮೊದಮೊದಲು ತನ್ನ ಹೆಸರಿನ ಪಕ್ಕ ‘ದಿಲೆತ್ತಾಂತೆ ವೆನೆತೊ’ ಎಂದು ತಾನೇ ಹಾಕಿಕೊಳ್ಳುತ್ತಾನೆ. ಲಂಡನ್ನಿನ ಶ್ರೀಮಂತರು ಅದೇ ಹೆಸರಿನಲ್ಲಿ ಸಂಘ ಕಟ್ಟುತ್ತಾರೆ. 1799ರಲ್ಲಿ ಜರ್ಮನ್ ಕವಿಗಳಾದ ಗಯಟೆ ಮತ್ತು ಶಿಲ್ಲರ್ ಅದನ್ನು ಕಾಯಿಲೆಯ ಹೆಸರಿನಂತೆ ಬಳಸುತ್ತಾರೆ. ಇವತ್ತಿನ ಇಟಲಿಯಲ್ಲಿ ನೋಡಿದರೆ ಫುಟ್ಬಾಲ್ ಸಂಸ್ಥೆಯೊಂದರ ಅಧಿಕೃತ ಹೆಸರಿನಲ್ಲೇ ಇದೆ.

ಎಲ್ಲ ಕಡೆ ‘ಹವ್ಯಾಸಿ’ ಅಂದರೆ ಗಯಟೆಯ ಸಿಟ್ಟು ಸಪ್ಪೆಯಾಗುತ್ತದೆ. ಎಲ್ಲ ಕಡೆ ‘ಅರೆಬರೆ ಬಲ್ಲವನು’ ಅಂದರೆ ಅಲ್ಬಿನೋನಿಗೆ ಅನ್ಯಾಯ. ಒಂದೇ ಪದ ಹಿಡಿದು ಹೋಗುವುದೋ, ಸಂದರ್ಭ ನೋಡಿ ಬದಲಿಸುವುದೋ? ಕನ್ನಡ ಅಕ್ಷರದಲ್ಲಿ ಬರೆಯುವ ರೀತಿ ಯಾವುದು? ಭಾಷೆ ಬಲ್ಲವರು ಹೇಳಿ.

ಪದಪೆಟ್ಟಿಗೆ

ಬದಲಿಸಲೇಬೇಕು. ಬದಲಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಯಾವ ಭಾಷೆ, ಯಾವ ಕಾಲ, ಯಾವ ಕ್ಷೇತ್ರ. ಈ ಮೂರು ಗೊತ್ತಿಲ್ಲದೆ ಪದಕ್ಕೆ ಕೈ ಹಾಕಬೇಡಿ.

ಬೇರು ಸರಳ. ಲ್ಯಾಟಿನ್ನಿನ ‘ದೆಲೆಕ್ತಾರೆ’, ಅಂದರೆ ಸಂತೋಷಪಡಿಸು. ಅದರಿಂದ ಇಟಾಲಿಯನ್ನಿನ ‘ದಿಲೆತ್ತಾರೆ’, ಅದರಿಂದ ‘ದಿಲೆತ್ತಾಂತೆ’: ಖುಷಿಗಾಗಿ ಮಾಡುವವನು. ಫ್ರೆಂಚಿನ ‘ಅಮಾತರ್’ (ನಮ್ಮ ಬಾಯಲ್ಲಿ ಅಮೆಚೂರ್) ಲ್ಯಾಟಿನ್ನಿನ ಪ್ರೀತಿಸು ಎಂಬ ಧಾತುವಿನಿಂದ ಬಂದದ್ದು. ಒಂದು ಖುಷಿಯಿಂದ, ಇನ್ನೊಂದು ಪ್ರೀತಿಯಿಂದ. ಹುಟ್ಟಿನಲ್ಲಿ ಎರಡಕ್ಕೂ ಕಳಂಕವಿಲ್ಲ.

ಕೆಟ್ಟದ್ದು ಗಡಿ ದಾಟಿದ ಮೇಲೆ. ಒಂದು ಭಾಷೆಗೆ ಹೊರಗಿನ ಪದ ಬಂದಾಗ ಅಲ್ಲಿ ಅದೇ ಅರ್ಥಕ್ಕೆ ಒಳ್ಳೆಯ ಪದ ಮೊದಲೇ ಕೂತಿದ್ದರೆ, ಹೊಸಬನಿಗೆ ಉಳಿಯುವುದು ಬೈಗುಳದ ಜಾಗ. ಜರ್ಮನ್ನಿನಲ್ಲಿ ‘ಲೀಪ್‌ಹಾಬರ್’ ಇತ್ತು, ಆಮೇಲೆ ‘ಅಮಾಟೋರ್’ ಬಂತು; ‘ಡಿಲೆಟಾಂಟ್’ ಕೆಳಗಿಳಿಯಿತು. ರಷ್ಯನ್ನಿನಲ್ಲಿ ‘ಲ್ಯುಬಿತೆಲ್’ ಗೌರವದ ಪದ, ‘ದಿಲೆತಾಂತ್’ ಚುಚ್ಚುಮಾತು. ಹಂಗೇರಿಯನ್ನಿನ ‘ದಿಲೆತ್ತಾನ್ಶ್’ ಕೂಡ ಬಹುಮಟ್ಟಿಗೆ ಬೈಗುಳವೇ.

ನಮ್ಮಲ್ಲೇ ನೋಡಿ. ಹಿಂದಿಯಲ್ಲಿ ‘ಶೌಕಿಯಾ’ ಅಂದರೆ ತಪ್ಪೇನಿಲ್ಲ, ಹವ್ಯಾಸಕ್ಕೆ ಮಾಡುವವನು ಅಷ್ಟೆ. ಕನ್ನಡಕ್ಕೆ ಬಂದ ‘ಶೋಕಿ’ ಏನಾಯಿತು? ‘ಶೋಕಿಲಾಲ’ ಎಂದು ಯಾರನ್ನಾದರೂ ಹೊಗಳಿ ನೋಡಿ!

ಬೆಳಗಾವಿ ಕುಂದ

ಪದಪೆಟ್ಟಿಗೆಯವರೇ, ಇನ್ನೊಂದು ಸೇರಿಸಿಕೊಳ್ಳಿ. ಮರಾಠಿಯಲ್ಲಿ ‘ಹವ್ಯಾಸ’ ಅಂದರೆ ಅತಿಯಾಸೆ. ದುಡ್ಡಿನ ಹಪಾಹಪಿಗೆ ಹೇಳುವ ಮಾತು. ಅಲ್ಲಿ ಹವ್ಯಾಸಿ ರಂಗಭೂಮಿಗೆ ‘ಹೌಶಿ ರಂಗಭೂಮಿ’ ಅಂತಾರೆ. ಗಡಿಯ ಈಚೆ ಮರ್ಯಾದೆಯ ಪದ, ಆಚೆ ದುರಾಸೆ. ಇಟಾಲಿಯನ್ನರಿಗೂ ಜರ್ಮನ್ನರಿಗೂ ಆಗಿದ್ದು ಇಷ್ಟೇ.

ವೀಣೆ ಮತ್ತು ವಯಲಿನ್

ಅಲ್ಬಿನೋನಿಯ ವಿಷಯಕ್ಕೆ ಬರೋಣ. ಇಲ್ಲಿ ಪದ ಹೇಳುವುದು ಅಂತಸ್ತನ್ನು. ಕೌಶಲದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಟೊಮಾಸೊ ಅಲ್ಬಿನೋನಿ (1671–1751) ಇಸ್ಪೀಟೆಲೆ ತಯಾರಿಸುವ ಮನೆತನದವನು. ಹೊಟ್ಟೆಪಾಡಿಗೆ ಚರ್ಚಿನ ಅಥವಾ ಆಸ್ಥಾನದ ನೌಕರಿ ಬೇಕಿರಲಿಲ್ಲ. 1694ರಲ್ಲಿ ಮೊದಲ ಸೊನಾಟಾ ಸಂಪುಟ ಅಚ್ಚಾಯಿತು. 1709ರಲ್ಲಿ ತಂದೆ ತೀರಿಕೊಂಡರು. 1711ರ ಹೊತ್ತಿಗೆ ‘ದಿಲೆತ್ತಾಂತೆ’ ಬಿಟ್ಟು ‘ಮೂಸಿಕೊ ದಿ ವಿಯೊಲಿನೊ’, ಅಂದರೆ ಪಿಟೀಲು ವಿದ್ವಾಂಸ ಎಂದು ಕರೆದುಕೊಳ್ಳತೊಡಗಿದ. ಆ ನಡುವೆ ಅವನ ಕೈ ಒಮ್ಮೆಲೇ ಪಳಗಿತು ಎಂದೇನಲ್ಲ. ಬದಲಾದದ್ದು ಸಂಗೀತಕ್ಕೂ ಅವನ ಜೀವನೋಪಾಯಕ್ಕೂ ಇದ್ದ ನಂಟು.

ಬೆನೆದೆತ್ತೊ ಮಾರ್ಚೆಲ್ಲೊ (1686–1739) ಇನ್ನೂ ಒಂದು ಮೆಟ್ಟಿಲು ಮೇಲೆ. ಅವನು ವೆನಿಸ್ ಗಣರಾಜ್ಯದ ಕುಲೀನ, ಆಡಳಿತದಲ್ಲಿ ಹುದ್ದೆ ಹಿಡಿದವನು. ಅವನ ಮುಖಪುಟಗಳಲ್ಲಿ ‘ನೋಬಿಲೆ ವೆನೆತೊ, ದಿಲೆತ್ತಾಂತೆ ದಿ ಕೊಂತ್ರಪ್ಪುಂತೊ’ ಎಂದಿರುತ್ತದೆ. ಕೊಂತ್ರಪ್ಪುಂತೊ ಅಂದರೆ ಹಲವು ಸ್ವತಂತ್ರ ರಾಗರೇಖೆಗಳನ್ನು ಒಟ್ಟಿಗೆ ನಡೆಸುವ ರಚನಾವಿದ್ಯೆ, ಆ ಕಾಲದ ಅತಿ ಕಠಿಣ ವಿದ್ಯೆ. 1724ರಿಂದ 1726ರ ನಡುವೆ ಬೈಬಲಿನ ಐವತ್ತು ಕೀರ್ತನೆಗಳಿಗೆ ಸಂಗೀತ ಕೂರಿಸಿ ಪ್ರಕಟಿಸಿದವನನ್ನು ‘ಅರೆಬರೆ ಬಲ್ಲವನು’ ಅನ್ನಲಾದೀತೆ? ‘ನಾನು ಸಂಬಳಕ್ಕೆ ನುಡಿಸುವವನಲ್ಲ’ ಎಂಬ ಕುಲದ ಠೀವಿ ಆ ಪದದಲ್ಲಿದೆ. ಅಣ್ಣ ಅಲೆಸ್ಸಾಂದ್ರೊ ಮಾರ್ಚೆಲ್ಲೊ ಅಂತೂ ಬೇರೆ ಹೆಸರಿನಲ್ಲೇ ಅಚ್ಚು ಹಾಕಿಸಿದ. ಓಬೋ ಎಂಬ ಊದುವಾದ್ಯಕ್ಕೆ ಅವನು ಬರೆದ ಕಾನ್ಚೆರ್ತೊವನ್ನು ಯೊಹಾನ್ ಸೆಬಾಸ್ಟಿಯನ್ ಬಾಖ್ ಕೀಲಿಮಣೆಗೆ ಅಳವಡಿಸಿಕೊಂಡದ್ದುಂಟು.

ಹಾಗಾಗಿ 1800ಕ್ಕಿಂತ ಹಿಂದಿನ ಇಟಾಲಿಯನ್ ಮುಖಪುಟ ಸಿಕ್ಕರೆ ‘ಹವ್ಯಾಸಿ’ ಸಾಕು. ಮೊದಲ ಸಲ ಬಂದಾಗ ‘ವೃತ್ತಿಯಾಗಿ ಅಲ್ಲದೆ’ ಎಂದು ಬಿಡಿಸಿ ಹೇಳಿದರೆ ಇನ್ನೂ ಚೆನ್ನ.

ಕರಾವಳಿ ಚೆಂಡೆ

ಯಕ್ಷಗಾನದವರಿಗೆ ಇದು ಹೊಸದಲ್ಲ ಮಾರಾಯ್ರೆ. ‘ಹವ್ಯಾಸಿ ತಂಡ’, ‘ವ್ಯವಸಾಯಿ (ವೃತ್ತಿಪರ) ಮೇಳ’ ಅನ್ನುತ್ತೇವೆ. ಹವ್ಯಾಸಿ ಅಂದರೆ ಆರು ತಿಂಗಳು ತಿರುಗಾಟ ಇಲ್ಲ, ಯಜಮಾನನ ಸಂಬಳ ಇಲ್ಲ. ತಾಳ ತಪ್ಪುತ್ತಾನೆ ಎಂಬ ಅರ್ಥ ಅದರಲ್ಲಿಲ್ಲ. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾದಾಗಲೂ ‘ಅಮೆಚೂರ್’ ಎಂಬುದು ಹೆಮ್ಮೆಯ ಫಲಕ, ಕಂಪನಿ ನಾಟಕಕ್ಕೆ ಎದುರಾಗಿ ಹಾಕಿದ್ದು. ಮಾರ್ಚೆಲ್ಲೊನ ಮುಖಪುಟವನ್ನು ಆ ಕಿವಿಯಿಂದ ಓದಿದರೆ ಸಾಕು.

ಪದಪೆಟ್ಟಿಗೆ

ಒಪ್ಪಿದೆ. ಈಗ ಲಂಡನ್. ‘ಸೊಸೈಟಿ ಆಫ್ ಡಿಲೆಟಾಂಟಿ’ 1734ರ ಸುಮಾರಿಗೆ ಶುರು. ಇಟಲಿ ಪ್ರವಾಸ ಮಾಡಿ ಬಂದ ಸಿರಿವಂತ ಹುಡುಗರ ಊಟದ ಕೂಟ. ಸದಸ್ಯನಾಗಲು ಹೆಸರಿಗೆ ಬೇಕಾದ ಅರ್ಹತೆ ಇಟಲಿಗೆ ಹೋಗಿಬಂದಿರುವುದು, ನಿಜವಾದ ಅರ್ಹತೆ ಕುಡಿದಿರುವುದು ಎಂದು ಇಂಗ್ಲಿಷ್ ಲೇಖಕ ಹೊರೇಸ್ ವಾಲ್ಪೋಲ್ 1743ರ ಪತ್ರದಲ್ಲಿ ಕುಟುಕಿದ್ದಾನೆ.

ಆದರೆ ಅದೇ ಕೂಟ ಮಾಡಿದ ಕೆಲಸ ನೋಡಿ. ಅಥೆನ್ಸಿನ ಕಟ್ಟಡಗಳನ್ನು ಅಳೆದು ಬರೆದ ಸ್ಟೂವರ್ಟ್ ಮತ್ತು ರೆವೆಟ್ಟರ ಬೆನ್ನಿಗೆ ಅದರ ಸದಸ್ಯರು ನಿಂತರು. ಮೊದಲ ಸಂಪುಟ 1762ರಲ್ಲಿ ಬಂತು. 1764ರಲ್ಲಿ ಸಂಘವೇ 2,000 ಪೌಂಡಿನ ಮಿತಿಯಲ್ಲಿ ಹಣ ಎತ್ತಿಟ್ಟು ಮೂವರನ್ನು ಅಯೋನಿಯಾಕ್ಕೆ (ಇಂದಿನ ಟರ್ಕಿಯ ಪಶ್ಚಿಮ ಕರಾವಳಿ) ಕಳಿಸಿತು. ಶಾಸನ ಓದಲು ಚಾಂಡ್ಲರ್, ಕಟ್ಟಡ ಅಳೆಯಲು ರೆವೆಟ್, ಚಿತ್ರ ಬರೆಯಲು ಪಾರ್ಸ್. ಕೆಲಸ ಹಂಚಿದ ರೀತಿಯಲ್ಲೇ ಕಾಣುತ್ತದೆ, ಇದು ಆಟಕ್ಕೆ ಮಾಡಿದ್ದಲ್ಲ. 1769ರಲ್ಲಿ ಆ ವರದಿಯ ಮೊದಲ ಭಾಗ ಅಚ್ಚಾಯಿತು.

ಇಂಗ್ಲಿಷಿನಲ್ಲಿ ಪದದ ಮಾನ ಹೋಗಲು ಇದೇ ಕೂಟದ ಒಬ್ಬ ಪ್ರಮುಖನೂ ಸ್ವಲ್ಪ ಕಾರಣ ಎಂದು ನನ್ನ ಅಂಬೋಣ. ರಿಚರ್ಡ್ ಪೇನ್ ನೈಟ್ ಆ ಕಾಲದಲ್ಲಿ ರುಚಿ-ಅಭಿರುಚಿಯ ಅಧಿಕಾರಿ. ಎಲ್ಗಿನ್ ಪ್ರಭು ಅಥೆನ್ಸಿನಿಂದ ತಂದ ಪಾರ್ಥೆನಾನ್ ದೇಗುಲದ ಶಿಲ್ಪಗಳು ಗ್ರೀಕರದ್ದಲ್ಲ, ರೋಮಿನ ಹೇಡ್ರಿಯನ್ ಕಾಲದವು ಎಂದು ಮೊದಲೇ ಹೇಳಿಬಿಟ್ಟಿದ್ದ. 1816ರ ಸಂಸತ್ ಸಮಿತಿಯ ಮುಂದೆಯೂ ಅವುಗಳ ಬೆಲೆ ಇಳಿಸಿಯೇ ಮಾತಾಡಿದ. ಸರ್ಕಾರ 35,000 ಪೌಂಡಿಗೆ ಕೊಂಡಿತು. ಅವನ್ನು ಮೆಚ್ಚಿದ್ದ ಶಿಲ್ಪಿಗಳ ಕಣ್ಣು ಗೆದ್ದಿತು, ರಸಿಕನ ಕಣ್ಣು ಸೋತಿತು. ಆಮೇಲಿನ ಇಂಗ್ಲಿಷಿನಲ್ಲಿ ಪದಕ್ಕೆ ‘ಮೇಲುಮೇಲೆ ಕೈಯಾಡಿಸುವವನು’ ಎಂಬ ಅರ್ಥ ಗಟ್ಟಿಯಾಯಿತು. 1843ರಲ್ಲಿ ಲೇಖಕ ಕಾರ್ಲೈಲ್ ಕೆಲಸಗೇಡಿ ಭೂಮಾಲೀಕರನ್ನು ಬೈಯಲು ಇದನ್ನೇ ಹಿಡಿದ.

ರೈನ್ ದಂಡೆಯ ರಾಗಿಮುದ್ದೆ

ಜರ್ಮನ್ ಭಾಗ ನಾನು ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಗಯಟೆ–ಶಿಲ್ಲರ್ 1799ರಲ್ಲಿ ಮಾಡಿದ್ದು ಪ್ರಬಂಧವಲ್ಲ, ಕೋಷ್ಟಕ. ಚಿತ್ರಕಾರ ಮೇಯರ್ ಕೂಡ ಜೊತೆಗಿದ್ದ. ಕಾವ್ಯ, ರೇಖಾಚಿತ್ರ, ಸಂಗೀತ, ನೃತ್ಯ, ವಾಸ್ತು, ಉದ್ಯಾನ, ರಂಗಭೂಮಿ ಎಂದು ಒಂದೊಂದು ಕಲೆ ಹಿಡಿದು, ಪ್ರತಿಯೊಂದಕ್ಕೂ ಲಾಭ ಏನು, ಹಾನಿ ಏನು, ಅದು ಮಾಡುವವನಿಗೋ ಇಡೀ ಕಲೆಗೋ ಎಂದು ಮನೆ ಹಾಕಿ ತುಂಬಿದರು. ಬರಹ ಮುಗಿಯಲೇ ಇಲ್ಲ, ಟಿಪ್ಪಣಿಯಾಗಿಯೇ ಉಳಿಯಿತು. ಲಾಭದ ಮನೆ ಖಾಲಿ ಇಲ್ಲ, ಅದನ್ನು ಅನುವಾದಕರು ಮರೆಯುತ್ತಾರೆ. ಚಿತ್ರ ಬರೆಯುವವನು ನೋಡುವುದನ್ನು ಕಲಿಯುತ್ತಾನೆ ಎಂಬುದನ್ನು ಅವರು ಒಪ್ಪುತ್ತಾರೆ. ದೂರು ಬೇರೆ: ಕಲೆಯ ಪರಿಣಾಮವನ್ನು ಅನುಭವಿಸಿದವನು ಅದೇ ಕಾರಣಕ್ಕೆ ತಾನೂ ಅದನ್ನು ಉಂಟುಮಾಡಬಲ್ಲೆ ಎಂದುಕೊಳ್ಳುತ್ತಾನೆ. ಹೂವಿನ ಪರಿಮಳದಿಂದಲೇ ಹೂ ಮಾಡಲು ಹೊರಟಂತೆ.

ಅಲ್ಲೇ ಒಂದು ಸ್ವಾರಸ್ಯ ಇದೆ. ವೃತ್ತಿಯಲ್ಲದೆ ಕಲೆ ಮಾಡುವವನನ್ನು ಕಂಡರೆ ಇಟಾಲಿಯನ್ನರು ‘ಸಿ ದಿಲೆತ್ತಾ’, ಅಂದರೆ ‘ಖುಷಿಪಡುತ್ತಿದ್ದಾನೆ’ ಅನ್ನುತ್ತಾರೆ, ಆ ಮಾತಿನಲ್ಲಿ ಸೌಜನ್ಯವಿದೆ ಎಂದು ಅವರೇ ಗುರುತಿಸುತ್ತಾರೆ. ಸೌಜನ್ಯ ಇಟಲಿಯಲ್ಲೇ ಉಳಿಯಿತು, ಪದ ಮಾತ್ರ ಆಲ್ಪ್ಸ್ ದಾಟಿತು.

ಹಾಗಾದರೆ ಜರ್ಮನ್ ಪಠ್ಯದಲ್ಲಿ ‘ಡಿಲೆಟಾಂಟ್’ ಅಂದರೆ ಸದಾ ಬೈಗುಳವೇ? ಇಲ್ಲ. ಎರಡು ಕಡೆ ಎಚ್ಚರ.

ಮೊದಲನೆಯದು, 18ನೇ ಶತಮಾನದ ಮತ್ತು 19ರ ಆರಂಭದ ಸಂಗೀತ ಪತ್ರಿಕೆಗಳಲ್ಲಿ ‘ಡಿಲೆಟಾಂಟ್’ ನಿರ್ಲಿಪ್ತವಾಗಿ ಬರುತ್ತದೆ. ವಿಯೆನ್ನಾದ ಮನೆಗಳಲ್ಲಿ ನಡೆಯುತ್ತಿದ್ದ ಸಂಗೀತ ಕಚೇರಿಗಳಲ್ಲಿ ಅರ್ಧ ವಾದ್ಯವೃಂದ ಇವರದ್ದೇ. ಅಲ್ಲಿ ‘ಹವ್ಯಾಸಿ’ ಸರಿ.

ಎರಡನೆಯದು, ಪದವನ್ನು ಬೇಕೆಂದೇ ಎತ್ತಿಹಿಡಿದವರು. ತತ್ತ್ವಜ್ಞಾನಿ ಶೋಪೆನ್‌ಹಾವರ್ 1851ರಲ್ಲಿ ಇದೇ ತಿರುವು ಕೊಟ್ಟ: ಸಂಪಾದನೆಗೆ ಮಾಡುವವರು ಖುಷಿಗೆ ಮಾಡುವವರನ್ನು ಹೀಗಳೆಯುತ್ತಾರೆ, ಆದರೆ ವಿಷಯವನ್ನೇ ಗುರಿ ಮಾಡಿಕೊಂಡವನು ಎರಡನೆಯವನೇ ಎಂದ. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1917ರ ಉಪನ್ಯಾಸದಲ್ಲಿ ಇನ್ನೂ ನಿಖರ. ಡಿಲೆಟಾಂಟನಿಗೆ ಹೊಳೆಯುವ ವಿಚಾರ ಪರಿಣತನ ವಿಚಾರದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೆಲೆಯದ್ದಾಗಬಹುದು. ಅವನಲ್ಲಿ ಇಲ್ಲದ್ದು ಗಟ್ಟಿಯಾದ ಕೆಲಸದ ಕ್ರಮ. ಹಾಗಾಗಿ ಹೊಳೆದದ್ದನ್ನು ತೂಗಿ ನೋಡಲು, ಕೊನೆ ಮುಟ್ಟಿಸಲು ಆಗುವುದಿಲ್ಲ ಎನ್ನುತ್ತಾನೆ. ಉದಾಹರಣೆಗೆ ತೆಗೆದುಕೊಂಡದ್ದು ಶಕ್ತಿಯ ಸಂರಕ್ಷಣೆಯನ್ನು 1842ರಲ್ಲೇ ಹೇಳಿದ ವೈದ್ಯ ರಾಬರ್ಟ್ ಮಾಯರ್‌ನನ್ನು.

ವೇಬರ್‌ನ ಈ ಜಾಗದಲ್ಲಿ ‘ಹವ್ಯಾಸಿ’ಯೂ ಸಾಲದು, ಬೈಗುಳವೂ ಸಲ್ಲದು. ‘ಶಾಸ್ತ್ರಕ್ರಮದ ತರಬೇತಿ ಇಲ್ಲದವನು’ ಎಂದು ಬಿಡಿಸಿ. ಉದ್ದವಾದರೂ ವಾದ ಉಳಿಯುತ್ತದೆ.

ತುಂಗಾತೀರ

ಉಪಯೋಗವಾಯಿತು ಸರ್. ‘ಲೀಪ್‌ಹಾಬರ್’ ಬಂದರೆ ‘ಪ್ರಿಯಕರ’ ಎಂದಾಗುವ ಅಪಾಯ ಇದೆಯಲ್ಲ?

ರೈನ್ ದಂಡೆಯ ರಾಗಿಮುದ್ದೆ

ಖಂಡಿತ ಇದೆ. ಇಂದಿನ ಜರ್ಮನ್ನಿನಲ್ಲಿ ಒಂಟಿಯಾಗಿ ನಿಂತರೆ ಮೊದಲು ಹೊಳೆಯುವುದು ಪ್ರಿಯಕರನೇ. ಕಾರ್ಲ್ ಫಿಲಿಪ್ ಇಮಾನ್ಯುಯೆಲ್ ಬಾಖ್ 1779ರಿಂದ 1787ರವರೆಗೆ ಆರು ಸಂಗೀತ ಸಂಪುಟ ತಂದ, ‘ಕೆನ್ನರ್’ಗಳಿಗೂ ‘ಲೀಪ್‌ಹಾಬರ್’ಗಳಿಗೂ ಎಂದು. ಕೆನ್ನರ್ ಅಂದರೆ ಮರ್ಮಜ್ಞ, ಲೀಪ್‌ಹಾಬರ್ ಅಂದರೆ ಸಂಗೀತಪ್ರೇಮಿ. ‘ಬಲ್ಲವರಿಗೂ ಒಲಿದವರಿಗೂ’ ಅಂದರೆ ಜೋಡಿಯೂ ಉಳಿಯುತ್ತದೆ, ಗುಲ್ಲೂ ಆಗುವುದಿಲ್ಲ.

ಇಂದಿನ ಬಳಕೆ ಇನ್ನೂ ಹರಡಿಕೊಂಡಿದೆ. ಹವ್ಯಾಸಿ ನಾಟಕ, ಗಾಯನವೃಂದ ಅಂದರೆ ‘ಲೈಯೆನ್’ ಜೋಡಿಸಿ ಹೇಳುತ್ತಾರೆ. ಲೈಯೆ ಅಂದರೆ ವೃತ್ತಿಯ ಹೊರಗಿನವನು. ಹವ್ಯಾಸಿ ವಾದ್ಯವೃಂದಕ್ಕೆ ಲೀಪ್‌ಹಾಬರ್ ಇನ್ನೂ ಉಂಟು. ಹ್ಯಾಮ್ ರೇಡಿಯೋದವನು ‘ಫುಂಕ್‌ಅಮಾಟೋರ್’. ಇವರಲ್ಲಿ ಯಾರನ್ನೂ ‘ಡಿಲೆಟಾಂಟ್’ ಅನ್ನಬೇಡಿ, ಮುಖ ಸಿಂಡರಿಸಿಕೊಳ್ಳುತ್ತಾರೆ.

ಗೋಲ್‌ಕಂಬ

ಫುಟ್ಬಾಲಿನ ಪ್ರಶ್ನೆ ಹಾಗೇ ಉಳಿಯಿತಲ್ಲ. ‘ಲೇಗಾ ನಾತ್ಸಿಯೊನಾಲೆ ದಿಲೆತ್ತಾಂತಿ’, ಅಂದರೆ ದಿಲೆತ್ತಾಂತಿಯ ರಾಷ್ಟ್ರೀಯ ಲೀಗ್, 1959ರದ್ದು. ಇಟಲಿಯ ಫುಟ್ಬಾಲಿನಲ್ಲಿ ಮೇಲಿನ ಮೂರು ಹಂತ, ಸೆರೀ ಎ, ಬಿ, ಸಿ ಮಾತ್ರ ವೃತ್ತಿಪರ. ನಾಲ್ಕನೇ ಹಂತದ ಸೆರೀ ಡಿಯಿಂದ ಕೆಳಗೆಲ್ಲ ಈ ಸಂಸ್ಥೆಯ ಕೈಯಲ್ಲಿ. ಸೆರೀ ಡಿಯಲ್ಲಿ ಒಂಬತ್ತು ಗುಂಪು, ಒಂದೊಂದರಲ್ಲೂ ಗೆದ್ದವರು ಸೆರೀ ಸಿಗೆ. ಕೆಳಗೆ ಎಚ್ಚೆಲ್ಲೆಂತ್ಸಾ, ಪ್ರೊಮೊತ್ಸಿಯೊನೆ, ಆಮೇಲೆ ಒಂದನೇ, ಎರಡನೇ, ಮೂರನೇ ಕತೆಗೊರಿಯಾ. ಇದನ್ನು ‘ಅರೆಜ್ಞಾನಿಗಳ ಲೀಗ್’ ಅಂದರೆ ನಗೆಪಾಟಲು.

ಇಲ್ಲಿ ‘ದಿಲೆತ್ತಾಂತೆ’ ಕಾನೂನಿನ ವರ್ಗ. ಒಂದು ಕ್ರೀಡೆ ವೃತ್ತಿಪರವೋ ಅಲ್ಲವೋ ಎಂದು ಆಯಾ ಒಕ್ಕೂಟ ಘೋಷಿಸಬೇಕು. ಫುಟ್ಬಾಲ್, ಬ್ಯಾಸ್ಕೆಟ್‌ಬಾಲ್, ಸೈಕ್ಲಿಂಗ್, ಗಾಲ್ಫ್ ಇಷ್ಟರಲ್ಲಿ ಮಾತ್ರ ವೃತ್ತಿಪರ ವಿಭಾಗ ಇದೆ. ಪರಿಣಾಮ ಏನು ಗೊತ್ತೇ? ವಿಶ್ವದ ಅಗ್ರ ಆಟಗಾರರು ಆಡುವ ಇಟಲಿಯ ವಾಲಿಬಾಲ್ ಲೀಗಿನವರೂ ಕಾಗದದ ಮೇಲೆ ‘ದಿಲೆತ್ತಾಂತಿ’. ಮಹಿಳಾ ಸೆರೀ ಎ ಆಟಗಾರ್ತಿಯರು 2022ರ ಜುಲೈ 1ರವರೆಗೂ ಅದೇ ಪಟ್ಟಿಯಲ್ಲಿದ್ದರು.

ಲೆಕ್ಕಪತ್ರ

ಗೋಲ್‌ಕಂಬ ಅವರ ಮಾತಿಗೆ ಪೂರಕವಾಗಿ. ಇಟಲಿಯ ಕ್ಲಬ್ಬುಗಳ ಹೆಸರಿನ ಮುಂದೆ ‘ಎ.ಎಸ್.ಡಿ.’ ಕಾಣುತ್ತದೆ: ಅಸ್ಸೊಚಾತ್ಸಿಯೊನೆ ಸ್ಪೊರ್ತಿವಾ ದಿಲೆತ್ತಾಂತಿಸ್ತಿಕಾ, ಅಂದರೆ ವೃತ್ತಿಪರವಲ್ಲದ ಕ್ರೀಡಾಸಂಘ. ಅದು ಅಲಂಕಾರವಲ್ಲ. ಲಾಭ ಹಂಚಿಕೊಳ್ಳುವಂತಿಲ್ಲ, ಹೆಸರಿನಲ್ಲಿ ‘ದಿಲೆತ್ತಾಂತಿಸ್ತಿಕಾ’ ಇರಬೇಕು, ರಾಷ್ಟ್ರೀಯ ನೋಂದಣಿಯಲ್ಲಿ ಸೇರಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ತೆರಿಗೆ ರಿಯಾಯಿತಿ ಕೈಬಿಡುತ್ತದೆ.

‘ಹವ್ಯಾಸಿ ಅಂದರೆ ಪುಕ್ಕಟೆ’ ಎಂದೂ ತಿಳಿಯಬೇಡಿ. 2021ರ 36ನೇ ಶಾಸನ 2023ರ ಜುಲೈ 1ರಿಂದ ಕ್ರೀಡಾ ದುಡಿಮೆಗೆ ಅನ್ವಯವಾಯಿತು. ಅದರ ಪ್ರಕಾರ ದಿಲೆತ್ತಾಂತೆ ವಿಭಾಗದಲ್ಲಿ ವರ್ಷಕ್ಕೆ 15,000 ಯೂರೋವರೆಗಿನ ಸಂಭಾವನೆಗೆ ಆದಾಯ ತೆರಿಗೆ ಇಲ್ಲ, 5,000ದವರೆಗೆ ಸಾಮಾಜಿಕ ಭದ್ರತೆಯ ವಂತಿಗೆಯೂ ಇಲ್ಲ. ವಾರಕ್ಕೆ 24 ಗಂಟೆ ಮೀರದಿದ್ದರೆ ಸ್ವತಂತ್ರ ಸಹಯೋಗ ಎಂದೇ ಎಣಿಕೆ. ಪಂದ್ಯದ ಹೊತ್ತು ಆ 24ರಲ್ಲಿ ಸೇರುವುದಿಲ್ಲ. ಕಾನೂನಿನ ಕಾಗದ ಅನುವಾದಿಸುವಾಗ ‘ವೃತ್ತಿಪರೇತರ’ ಎಂದು ಬರೆಯುವುದು ಕ್ಷೇಮ. ‘ಹವ್ಯಾಸಿ’ ಅಂದರೆ ಓದುಗ ‘ಇವರಿಗೆ ಸಂಬಳ ಹೇಗೆ ಬಂತು’ ಅಂತಾನೆ.

ಪದಪೆಟ್ಟಿಗೆ

ಇಬ್ಬರೂ ಒಂದು ವಿಷಯ ಬಿಟ್ಟಿರಿ. ಇಟಲಿಯಲ್ಲಿ ಪದ ಪೂರಾ ಶುದ್ಧ ಎಂದು ತಿಳಿಯಬಾರದು. ‘ಲವೊರೊ ದಾ ದಿಲೆತ್ತಾಂತಿ’ ಅಂದರೆ ಕಾಟಾಚಾರದ, ಕೈಬಾರದವರ ಕೆಲಸ. ಗುಣವಾಚಕವೇ ಎರಡು ಕವಲಾಗಿದೆ: ‘ದಿಲೆತ್ತಾಂತಿಸ್ತಿಕೊ’ ಕ್ರೀಡೆ, ಸಂಘ, ಕಾನೂನಿನದ್ದು, ಅದರಲ್ಲಿ ಕಹಿ ಕಡಿಮೆ. ‘ದಿಲೆತ್ತಾಂತೆಸ್ಕೊ’ ಸಾಮಾನ್ಯವಾಗಿ ಹಳಿಯುವುದಕ್ಕೆ. ಕೊನೆಯ ಪ್ರತ್ಯಯ ನೋಡದೆ ಅನುವಾದಿಸಿದರೆ ವರದಿಯೊಂದು ನಿಂದನೆಯಾಗಿ ಬಿಡುತ್ತದೆ.

ಮತ್ತೆ ಎಲ್ಲ ಹವ್ಯಾಸಿಗೂ ಇಟಾಲಿಯನ್ನರು ಈ ಪದ ಹೇಳುವುದಿಲ್ಲ. ಹ್ಯಾಮ್ ‘ರಾದಿಯೊಅಮಾತೊರೆ’, ಫೋಟೋದವನು ‘ಫೊತೊಅಮಾತೊರೆ’, ತಾರೆ ನೋಡುವವನು ‘ಆಸ್ತ್ರೊಫಿಲೊ’, ಊರ ನಾಟಕತಂಡ ‘ಫಿಲೊದ್ರಮ್ಮಾತಿಕಾ’. ಸೈಕ್ಲಿಂಗಿನಲ್ಲಿ ‘ಅಮಾತೊರೆ’ ಅಂದರೆ ಭಾನುವಾರದ ಸವಾರ. ‘ದಿಲೆತ್ತಾಂತೆ’ ಅಂದರೆ ವೃತ್ತಿಯ ಹೊಸ್ತಿಲಲ್ಲಿ ನಿಂತ ಯುವಕ, ಅವನಿಗಿಂತ ಎಷ್ಟೋ ಮೇಲೆ. ಎರಡಕ್ಕೂ ‘ಹವ್ಯಾಸಿ’ ಎಂದರೆ ಸ್ಪರ್ಧೆಯ ವರದಿಯೇ ಅರ್ಥವಾಗುವುದಿಲ್ಲ.

ನಾಟಕದ ಪರದೆ

ಗಡಿ ದಾಟಿದರೆ ಕೆಡುತ್ತದೆ ಎಂಬ ಸೂತ್ರ ಎಲ್ಲ ಕಡೆ ನಿಲ್ಲುವುದಿಲ್ಲ ಎಂಬುದಕ್ಕೆ ಎರಡು ಉದಾಹರಣೆ. ಡೇನಿಶ್ ಭಾಷೆಯಲ್ಲಿ ಊರ ಸಭಾಭವನದಲ್ಲಿ ಆಡುವ ಹವ್ಯಾಸಿ ನಾಟಕಕ್ಕೆ ‘ಡಿಲೆಟಾಂಟ್’ ಸೇರಿಸಿಯೇ ಹೆಸರು, ನಟನೂ ‘ಡಿಲೆಟಾಂಟ್’. ಬೇರೆ ಸಂದರ್ಭದಲ್ಲಿ ಅದೇ ಪದ ಬೈಗುಳವಾಗುತ್ತದೆ, ರಂಗದ ಮೇಲೆ ಮಾತ್ರ ಆಗುವುದಿಲ್ಲ. ಇನ್ನೊಂದು ಸರ್ಬಿಯನ್. 1838ರಲ್ಲಿ ನೋವಿ ಸಾದ್‌ನಲ್ಲಿ ಹುಟ್ಟಿದ ತಂಡದ ಹೆಸರೇ ‘ಹಾರುವ ಡಿಲೆಟಾಂಟ್ ನಾಟಕ ಮಂಡಳಿ’. ಅವರು 1840ರ ಜೂನ್ 10ರಂದು ಜಾಗ್ರೆಬ್‌ನಲ್ಲಿ ಕುಕುಲ್ಯೆವಿಚ್‌ನ ‘ಯುರಾನ್ ಮತ್ತು ಸೋಫಿಯಾ’ ನಾಟಕ ಆಡಿದ್ದು ಕ್ರೊವೇಷಿಯಾದ ರಂಗಚರಿತ್ರೆಯಲ್ಲೂ ದೊಡ್ಡ ದಿನ. ಅಲ್ಲಿ ಸ್ವಂತ ಭಾಷೆಯಲ್ಲಿ ವೃತ್ತಿ ರಂಗಭೂಮಿಯೇ ಇನ್ನೂ ನೆಲೆಯೂರಿರಲಿಲ್ಲ. ಯಾರಿಗೆ ಹೋಲಿಸಿ ಹೀಗಳೆಯುವುದು?

ಪದಪೆಟ್ಟಿಗೆ

ಒಳ್ಳೆಯ ತಡೆ. ಹಾಗಾದರೆ ಕಾಲ, ಕ್ಷೇತ್ರ ಎರಡೂ ನೋಡಬೇಕು ಎಂಬುದು ಇನ್ನಷ್ಟು ಗಟ್ಟಿಯಾಯಿತು, ಭಾಷೆ ಒಂದೇ ಸಾಲದು.

ಫ್ರೆಂಚ್ ಬಗ್ಗೆ ಒಂದು ಮಾತು. 1820–30ರ ಪ್ಯಾರಿಸ್ಸಿನಲ್ಲಿ ‘ದಿಲೆತ್ತಾಂತಿ’ ಅಂದರೆ ರೊಸ್ಸೀನಿಯ ಹುಚ್ಚು ಹಿಡಿದ ಇಟಾಲಿಯನ್ ಒಪೆರಾ ಪ್ರೇಮಿಗಳು. ಅವರು ನುಡಿಸುವವರಲ್ಲ, ಕೇಳುವವರು. ಅಲ್ಲಿ ‘ರಸಿಕರು’ ಹೊಂದುತ್ತದೆ. 1880ರ ದಶಕದಲ್ಲಿ ಲೇಖಕ ಬೂರ್ಜೆ ಚಿಂತಕ ರೆನಾನ್‌ನ ಬಗ್ಗೆ ಬರೆಯುತ್ತ ‘ದಿಲೆತಾಂತಿಸ್ಮ್’ ಅನ್ನು ಮನೋಧರ್ಮದ ಹೆಸರಾಗಿಸಿದ: ಎಲ್ಲ ಮತಗಳ ಸವಿಯನ್ನೂ ಸವಿಯುವುದು, ಯಾವುದಕ್ಕೂ ಒಪ್ಪಿಸಿಕೊಳ್ಳದಿರುವುದು. ಅದಕ್ಕೆ ಒಂದೇ ಕನ್ನಡ ಪದ ಹುಡುಕುವುದು ವ್ಯರ್ಥ, ವಾಕ್ಯವೇ ಬೇಕು.

ಬೈಗುಳದ ಜಾಗಕ್ಕೆ ನನ್ನ ಮತ ‘ಪಲ್ಲವಗ್ರಾಹಿ’. ಗಿಡ ಬಿಟ್ಟು ಚಿಗುರು ಮಾತ್ರ ಚಿವುಟುವವನು. ‘ಪಲ್ಲವಗ್ರಾಹಿ ಪಾಂಡಿತ್ಯ’ ಹಳಬರ ಬಾಯಲ್ಲಿ ಪಳಗಿದ ಮಾತು. ಗಯಟೆ, ಕಾರ್ಲೈಲ್, ರಷ್ಯದ ಹೆರ್ಜನ್ ವಿಜ್ಞಾನದ ಡಿಲೆಟಾಂಟರನ್ನು ಬೈದ 1843ರ ಬರಹ, ಇವೆಲ್ಲಕ್ಕೂ ಕೂರುತ್ತದೆ.

ಕರಾವಳಿ ಚೆಂಡೆ

ಪಲ್ಲವಗ್ರಾಹಿ ಓದುಬರಹಕ್ಕೆ ಸರಿ. ಕೈಕೆಲಸಕ್ಕೆ, ನೃತ್ಯಕ್ಕೆ ಹೇಳಿದರೆ ಪಂಡಿತರ ಸಭೆಯಂತೆ ಕೇಳುತ್ತದೆ. ಅಲ್ಲಿ ‘ಅರೆಬರೆ ಕಲಿತವ’ ಅನ್ನಿ, ಯಾರಿಗೂ ತಿಳಿಯುತ್ತದೆ.

ಅಚ್ಚುಮೊಳೆ

ಬರೆಯುವ ರೀತಿ ಕೇಳಿದ್ದರಲ್ಲ. ಇಟಾಲಿಯನ್ ಮೂಲವಾದರೆ ‘ದಿಲೆತ್ತಾಂತೆ’: ಅವರ ದ, ತ ಎರಡೂ ದಂತ್ಯ, ಒತ್ತಕ್ಷರ ನಿಜವಾಗಿ ಉಚ್ಚಾರವಾಗುತ್ತದೆ, ಒತ್ತು ‘ತ್ತಾಂ’ ಮೇಲೆ. ಬಹುವಚನ ‘ದಿಲೆತ್ತಾಂತಿ’, ಅದಕ್ಕೆ ‘ಗಳು’ ಸೇರಿಸಿದರೆ ಎರಡು ಸಲ ಬಹುವಚನ. ಜರ್ಮನ್ ‘ಡಿಲೆಟಾಂಟ್’, ಇಂಗ್ಲಿಷ್ ಸಂಘಕ್ಕೆ ‘ಡಿಲೆಟಾಂಟಿ’.

ರೋಮನ್ ಲಿಪಿಯಲ್ಲಿ ಹುಡುಕುವಾಗ: ಇಟಾಲಿಯನ್, ಜರ್ಮನ್, ಇಂಗ್ಲಿಷ್, ಫ್ರೆಂಚ್, ಡಚ್, ಡೇನಿಶ್ ಎಲ್ಲದರಲ್ಲೂ ಎಲ್ ಒಂದು, ನಡುವಿನ ಟಿ ಎರಡು. ಸ್ಪ್ಯಾನಿಷ್, ಪೋರ್ಚುಗೀಸ್, ರೊಮೇನಿಯನ್, ಜೆಕ್‌ನಲ್ಲಿ ಟಿ ಒಂದೇ. ಪೋಲಿಷ್‌ನಲ್ಲಿ ಡಿ ಆದ ಮೇಲೆ ಐ ಬದಲು ವೈ. ಗ್ರಂಥಾಲಯದ ಪಟ್ಟಿಯಲ್ಲಿ ಏನೂ ಸಿಗದಿದ್ದರೆ ಬಹುಪಾಲು ಕಾರಣ ಈ ಟಿ.

ಎಲ್ ಎರಡು, ಟಿ ಒಂದು ಕಂಡರೆ ಅಚ್ಚಿನ ತಪ್ಪು ಎಂದು ತಿದ್ದುವ ಮುಂಚೆ ವರ್ಷ ನೋಡಿ. 1981ರಲ್ಲಿ ಪಶ್ಚಿಮ ಬರ್ಲಿನ್ನಿನ ಟೆಂಪೊಡ್ರೋಮ್‌ನಲ್ಲಿ ನಡೆದ ‘ಜೀನಿಯಸ್ ಡಿಲೆಟಾಂಟರ’ ಸಂಗೀತ ಉತ್ಸವ ಆ ತಪ್ಪು ಕಾಗುಣಿತವನ್ನೇ ಹೆಸರು ಮಾಡಿಕೊಂಡಿತು. ಅದಕ್ಕೆ ಸಂಬಂಧಪಟ್ಟ ಪುಸ್ತಕ, ಪ್ರದರ್ಶನಗಳೆಲ್ಲ ಹಾಗೇ ದಾಖಲಾಗಿವೆ. ತಿದ್ದಿ ಹುಡುಕಿದರೆ ಸಿಗುವುದಿಲ್ಲ.

ತುಂಗಾತೀರ

ಸರಿ, ಸದ್ಯಕ್ಕೆ ಹೀಗೆ: ಅಲ್ಬಿನೋನಿ, ಮಾರ್ಚೆಲ್ಲೊಗೆ ‘ಹವ್ಯಾಸಿ’, ಲಂಡನ್ ಸಂಘಕ್ಕೆ ಹೆಸರು ಹಾಗೇ ಇಟ್ಟು ಅಡಿಟಿಪ್ಪಣಿ, ಗಯಟೆಗೆ ‘ಪಲ್ಲವಗ್ರಾಹಿ’, ಲೀಗಿಗೆ ‘ವೃತ್ತಿಪರೇತರ’. ಗಯಟೆಯ ಲಾಭದ ಮನೆಗಳಲ್ಲೂ ‘ಪಲ್ಲವಗ್ರಾಹಿ’ಯೇ ಇಡಬೇಕೆ?

ರೈನ್ ದಂಡೆಯ ರಾಗಿಮುದ್ದೆ

ಬೇಡ. ಕೋಷ್ಟಕದ ಒಳಗೆ ಉದ್ದಕ್ಕೂ ‘ಡಿಲೆಟಾಂಟ್’ ಎಂದೇ ಇಡಿ, ಮೊದಲ ಸಲ ಅರ್ಥ ಹೇಳಿ ಬಿಡಿ. ಪಲ್ಲವಗ್ರಾಹಿಗೆ ಲಾಭ ಏನು ಎಂದು ಕೇಳಿದರೆ ಪ್ರಶ್ನೆಯಲ್ಲೇ ತೀರ್ಪು ಬಂದುಹೋಗುತ್ತದೆ, ಆ ಇಬ್ಬರು ಅಷ್ಟು ಮನೆ ಹಾಕಿ ತುಂಬಿದ್ದಕ್ಕೆ ಅರ್ಥವೇ ಇರುವುದಿಲ್ಲ.